ಗಡಿ ಇಲ್ಲದ ತಿರುಳು

ಟೂಸಾನ್
ಬುಧವಾರ, ಮೇ ೧೦, ೨೦೧೭

ಪ್ರಿಯ ವರ್ನಾನ್,

ವಿಚ್ಛೇದನವಾಗಿ ಮೂವತ್ತಮೂರು ವರ್ಷ ಕಳೆದರೂ 'ಪ್ರಿಯ' ಎಂದು ಬರೆಯಲು ಕೈ ತಡವರಿಸಲಿಲ್ಲ. ಅಭ್ಯಾಸಬಲ ಎಂದುಕೋ. ನಿನ್ನ ಎದೆ ತೆರೆದು ನೋಡಿದ ವೈದ್ಯರಿಗೆ ಒಳಗೆ ಹೃದಯ ಸಿಕ್ಕಿತಂತೆ, ಸಂತೋಷ. ನಾನು ಹತ್ತು ವರ್ಷ ಹುಡುಕಿದ್ದೆ. ನಿನ್ನ ತಂಗಿ ವಿಲ್ಮಾ ಈ ಪತ್ರವನ್ನು ನಿನಗೆ ಓದಿ ಹೇಳುವುದಾದರೆ ನಿಧಾನವಾಗಿ ಓದಲಿ. ನೀನು ಮೊದಲು ಕುರ್ಚಿಗೆ ಒರಗಿಕೋ.

ಹೋದ ಭಾನುವಾರ ಫೋನಿನಲ್ಲಿ, "ಲೋರ್ನಾ, ಸುತ್ತು ಬಳಸಬೇಡ. ಗುರುಗ್ರಹದ ಹೊಟ್ಟೆಯಲ್ಲಿ ನನ್ನ ಕಲ್ಲು ಇದೆಯೋ ಇಲ್ವೋ, ಅಷ್ಟು ಹೇಳು" ಎಂದು ನೀನು ಕೇಳಿದೆ. "ಲೆಕ್ಕ ಇನ್ನೂ ನಡೀತಿದೆ" ಎಂದೆ ನಾನು. ಲೆಕ್ಕ ಮಾರ್ಚಿನಲ್ಲೇ ಮುಗಿದಿತ್ತು.

ಕಲ್ಲು ಇಲ್ಲ, ವರ್ನಾನ್. ಮೇಲೆ ಅಮೋನಿಯದ ಮೋಡ, ಅದರಡಿ ಗಂಧಕದ ನಾತದ ಮೋಡ, ಅದರಡಿ ನೀರಿನದು; ಇನ್ನೂ ಇಳಿದರೆ ಒತ್ತಡಕ್ಕೆ ಸಿಕ್ಕಿ ದ್ರವವಾಗುವ ಜಲಜನಕ, ಕೊನೆಗೆ ಅದೇ ಲೋಹದಂತಾಗುವುದು. ಅಲ್ಲಿಯವರೆಗೆ ನಿನ್ನ ಪುಸ್ತಕದ ಚಿತ್ರಕ್ಕೆ ಭಯವಿಲ್ಲ. ನಟ್ಟನಡುವೆ ನೀನು ಕೂರಿಸಿದ ಕರಿಗುಂಡು ಮಾತ್ರ ಹೋಯಿತು. ಹೋದ ವರ್ಷ ಅಲ್ಲಿಗೆ ತಲುಪಿದ ನೌಕೆ ಗುರುವನ್ನು ಸುತ್ತುತ್ತಾ ಗುರುತ್ವ ಅಳೆದು ಕಳಿಸಿದೆ. ಕಲ್ಲು, ಮಂಜುಗಡ್ಡೆ ಎಲ್ಲ ಜಲಜನಕದಲ್ಲಿ ಕರಗಿ ಗ್ರಹದ ಅರ್ಧದಷ್ಟು ದೂರ ಹರಡಿಕೊಂಡಿವೆ. ತಿರುಳು ಎಲ್ಲಿಗೆ ಮುಗಿಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ನಮ್ಮ ಮದುವೆ ಎಲ್ಲಿಗೆ ಮುಗಿಯಿತು ಎಂದು ವಕೀಲರು ಕೇಳಿದಾಗಲೂ ಹೀಗೇ ಆಗಿತ್ತಲ್ಲ?

ನಾನು ಬರೆಯಲು ಕೂತದ್ದು ಇದಕ್ಕಲ್ಲ. ಇದನ್ನು ನೀನು ಹೇಗೂ ಪತ್ರಿಕೆಯಲ್ಲಿ ಓದುತ್ತಿದ್ದೆ.

೧೯೭೬ರಲ್ಲಿ ನಾನು ಗಣಕ ಕೇಂದ್ರದ ಮೆಟ್ಟಿಲ ಮೇಲೆ ಕಾರ್ಡಿನ ಡಬ್ಬ ಬೀಳಿಸಿದ್ದು ನೆನಪಿದೆಯೇ? ಲೆಕ್ಕದ ಪ್ರೋಗ್ರಾಮನ್ನು ರಂಧ್ರಗಳಾಗಿ ಹೊಡೆದ ಎಂಟುನೂರು ಕಾರ್ಡುಗಳನ್ನು ಮಂಡಿಯೂರಿ ಆಯ್ದು, ಸಾಲಾಗಿ ಜೋಡಿಸಿ ಯಂತ್ರಕ್ಕೆ ಕೊಟ್ಟೆ. ಒಂದು ಕಾರ್ಡು ಮೆಟ್ಟಿಲ ಸಂದಿಯಲ್ಲೇ ಉಳಿದಿತ್ತು. ತಿರುಳಿನ ಗಡಿ ಎಲ್ಲಿ ಎಂದು ಹೇಳುವ ಕಾರ್ಡು ಅದು. ಯಂತ್ರ ಪಾಪ, ಗಡಿ ಸಿಗದೆ ಕಲ್ಲನ್ನೆಲ್ಲ ಗ್ರಹದ ತುಂಬ ಹರಡಿಬಿಟ್ಟಿತು. ನೀನು ಉತ್ತರ ಅಚ್ಚಾಗಿ ಬಂದ ಕಾಗದ ಎತ್ತಿ ಹಿಡಿದು ಕೋಣೆಗೆಲ್ಲ ಕೇಳುವಂತೆ, "ನೋಡ್ರಪ್ಪಾ! ಗುರುಗ್ರಹ ಮಾಡು ಅಂದ್ರೆ ನನ್ನ ಹೆಂಡತಿ ಗಂಜಿ ಮಾಡಿದಾಳೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಕೋಣೆಯಿಂದ ಹೋದ ಮೇಲೆ ನಾನು ಆ ಗಂಜಿಯನ್ನು ಹಿಂದಿನ ನೌಕೆಗಳ ಅಳತೆಯ ಪಕ್ಕ ಇಟ್ಟು ನೋಡಿದೆ. ನಿನ್ನ ಕಲ್ಲಿಗಿಂತ ಚೆನ್ನಾಗಿ ಹೊಂದಿತು, ವರ್ನಾನ್. ಸೋಮವಾರ ನಿನ್ನ ಉಪನ್ಯಾಸ. ನಿನ್ನ ಕೆಲಸ ಕಾಯಂ ಆಗುವುದು ಅದರ ಮೇಲೆ ನಿಂತಿತ್ತು. ಕಾಗದವನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಮೂರು ಸಾಲು ಬರೆದು ಆ ಪ್ರೋಗ್ರಾಮಿಗೆ ಸೇರಿಸಿದೆ: ಗಡಿ ಕೊಟ್ಟಿದ್ದಾರೆಯೇ ನೋಡು, ಇಲ್ಲದಿದ್ದರೆ ಲೆಕ್ಕ ನಿಲ್ಲಿಸು, ತಪ್ಪಾಗಿದೆ ಎಂದು ಮುದ್ರಿಸು.

ಕಾರ್ಡು ಹೋಗಿ ಟೇಪು ಬಂತು, ಟೇಪು ಹೋಗಿ ಡಿಸ್ಕು ಬಂತು. ನಿನ್ನ ಶಿಷ್ಯರು, ಅವರ ಶಿಷ್ಯರು ಎಲ್ಲರೂ ಅದೇ ಪ್ರೋಗ್ರಾಮನ್ನು ನಕಲು ಮಾಡಿಕೊಂಡರು, ಮೂರು ಸಾಲಿನ ಸಮೇತ. ನಮ್ಮ ಬಳಗದಲ್ಲಿ ನಲವತ್ತು ವರ್ಷ ಯಾರಿಗೂ ಗಂಜಿ ಬೇಯಿಸಲು ಆಗಲಿಲ್ಲ. ಪ್ರೀತಿಯಿಂದ ಮಾಡಿದೆ ಎಂದು ಬಹಳ ಕಾಲ ನಂಬಿದ್ದೆ. ನಿಜವೆಂದರೆ ಇನ್ನೊಮ್ಮೆ ನಗೆಗೀಡಾಗುವ ಧೈರ್ಯವಿರಲಿಲ್ಲ.

ಮಾರ್ಚಿನಲ್ಲಿ ನಮ್ಮ ಗುಂಪಿನ ಪ್ರಿಸಿಲ್ಲಾ ಓಚೋವಾ ಆ ಸಾಲುಗಳನ್ನು ಹಿಡಿದಳು. ಇನ್ನೂ ಮೂವತ್ತು ತುಂಬದ ಹುಡುಗಿ, ಹದ್ದಿನ ಕಣ್ಣು. "ಪ್ರೊಫೆಸರ್, ಇದನ್ನ ಯಾರು ಬರೆದ್ರು? ಎಲ್ಲರ ಕಣ್ಣಿಗೂ ಪಟ್ಟಿ ಕಟ್ಟಿ ಕೂರಿಸಿದಾರಲ್ಲ!" ಎಂದಳು. ಸಭೆಯಲ್ಲಿ ಒಂಬತ್ತು ಜನ. ನನ್ನ ಬಾಯಿಂದ ಬಂದದ್ದು: "ವರ್ನಾನೇ ಇರಬೇಕು. ಅವನಿಗೆ ಗಡಿ ಅಂದ್ರೆ ಪ್ರಾಣ. ಮಂಚದ ಮೇಲೂ ಗೆರೆ ಎಳೀತಿದ್ದ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ನಗಿಸುವವಳು ನಾನು.

ಈಗ ನಮ್ಮ ಗುಂಪು ಪ್ರಕಟಿಸಲಿರುವ ಪ್ರಬಂಧದ ಎರಡನೇ ಪುಟದಲ್ಲಿ ನಿನ್ನ ಹೆಸರಿದೆ. ಬೇರೆ ಉತ್ತರವೇ ಬರದಂತೆ ವರ್ನಾನ್ ಪ್ರುಯಿಟ್ ಮೊದಲೇ ಬಾಗಿಲು ಹಾಕಿದ್ದರು ಎಂದು ಬರೆದಿದ್ದಾರೆ. ನೀನು ನಲವತ್ತು ವರ್ಷ ತಪ್ಪಿರಬಹುದು, ಆದರೆ ಮೋಸ ಮಾಡಿದವನಲ್ಲ. ಇದನ್ನು ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ.

ನಮ್ಮ ಪದ್ಧತಿ ನಿನಗೆ ಗೊತ್ತು, ನೀನೇ ಹಾಕಿಕೊಟ್ಟದ್ದು: ಕೊನೆಯ ಕರಡನ್ನು ಮೇಜಿನ ಸುತ್ತ ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು, ಸುಮ್ಮನಿದ್ದವರು ಒಪ್ಪಿದಂತೆ. ಈ ಶುಕ್ರವಾರ ಆ ಓದು. ನಿನ್ನ ಪ್ಯಾರಾ ಬಂದಾಗ ತಡೆಯುತ್ತೇನೆ. ಪ್ರುಯಿಟ್ ಹೊಡೆದುಹಾಕಿ, ನನ್ನ ಹೆಸರು, ಹ್ಯಾಸ್ಕೆಟ್ ಎಂದು ಬರೆಯಿರಿ ಎನ್ನುತ್ತೇನೆ. ಆಮೇಲೆ ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ, ಒಳ್ಳೆಯ ಸುದ್ದಿಯೊಂದಿಗೆ.

ಕ್ಷಮಿಸು ಎಂದು ಕೇಳುವುದಿಲ್ಲ. ಬೈಯುವುದಾದರೆ ಮೆಲ್ಲಗೆ ಬೈ. ಎದೆಯ ಹೊಲಿಗೆ ಹಸಿಯಾಗಿದೆ.

ನಿನ್ನವಳಲ್ಲದಿದ್ದರೂ ನಿನ್ನ ಕಡೆಯವಳು,
ಲೋರ್ನಾ

ಮತ್ತೆ ಬರೆದದ್ದು, ಸೋಮವಾರ. ಶುಕ್ರವಾರದ ಓದು ಮೇಜಿನ ಸುತ್ತ ಬಂದು, ನಿನ್ನ ಪ್ಯಾರಾ ನನ್ನ ಪಾಲಿಗೇ ಬಿತ್ತು. ಓದಿದೆ. ಎಲ್ಲೂ ತೊದಲಲಿಲ್ಲ. "ಸರಿ ಇದೆಯಾ, ಪ್ರೊಫೆಸರ್? ನಿಮಗೇ ಅವರ ವಿಷಯ ಚೆನ್ನಾಗಿ ಗೊತ್ತು" ಎಂದು ಪ್ರಿಸಿಲ್ಲಾ ಕೇಳಿದಳು. ನಿನ್ನ ಹೆಸರಿನ ಮುಂದೆ ಒಂದು ಅಲ್ಪವಿರಾಮ ಬೇಕು ಎಂದೆ. ಹಾಕಿದರು. ಪ್ರಬಂಧ ಅಂದು ಮಧ್ಯಾಹ್ನವೇ ಪ್ರಕಟಣೆಗೆ ಹೋಯಿತು. ನಿನ್ನೆ ನೀನು ಎರಡು ಸಲ ಫೋನ್ ಮಾಡಿದೆ. ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ.