ಭಾನುವಾರಕ್ಕೆ ಮುಂಚೆ

ಬಂಗಾರಪೇಟೆ
ಗುರುವಾರ

ಆಶಾ ಕಾರ್ಯಕರ್ತೆ ಪುಷ್ಪಕ್ಕನಿಗೆ ಸುಮಿತಾ ಮಾಡೋ ನಮಸ್ಕಾರ.

ನನ್ನ ಫೋನು ನಮ್ಮನೆಯವರ ಜೇಬಲ್ಲಿದೆ. ಅದಕ್ಕೇ ಡೈರಿಗೆ ಬರೋ ಮುತ್ಯಾಲಮ್ಮನ ಕೈಲಿ ಈ ಕಾಗದ ಕೊಟ್ಟು ಕಳಿಸ್ತಿದ್ದೀನಿ.

ನೀವು ಹೇಳಿದಂಗೇ ನಮ್ಮನೆಯವರಿಗೆ ಮಕ್ಕಳಾಗದಂಗೆ ಮಾಡೋ ಗಂಡಸರ ಆಪರೇಷನ್ನು ಸಲೀಸಾಗೇ ಆಯ್ತು. ಅದರ ಮೇಲೆ ನನ್ನ ದೂರಿಲ್ಲ. ಆದರೆ ಮೂರು ತಿಂಗಳು ಹುಷಾರಾಗಿರಿ, ವೀರ್ಯ ಪರೀಕ್ಷೆ ಆಗೋವರೆಗೂ ನಂಬಬೇಡಿ ಅಂದಿದ್ರಲ್ಲ, ಅದನ್ನ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡನೇ ತಿಂಗಳಿಗೇ ನಾನು ಬಸುರಾದೆ.

ಅವರು ಬೈಯಲಿಲ್ಲ, ಕೈ ಎತ್ತಲಿಲ್ಲ. "ಯಾರ್ದು?" ಅಂತ ಒಂದ್ಸಲ ಕೇಳಿ, ನನ್ನ ಫೋನು ತಗೊಂಡು ಜೇಬಿಗೆ ಹಾಕಿಕೊಂಡರು. ನಿನ್ನೆ ಮಕ್ಕಳನ್ನ ಅವರ ತಂಗಿ ಮನೆಗೆ ಬಿಟ್ಟು ಬಂದರು. "ಭಾನ್ವಾರ ನಾವಿಬ್ರೇ ಚಾಂಪಿಯನ್ ರೀಫ್ಸ್‌ಗೆ ಓಗಣ. ನಮ್ ತಾತ ಇಳೀತಿದ್ದ ಚಿನ್ನದ ಗಣಿ ತೋರಿಸ್ತೀನಿ" ಅಂತಾರೆ. ಆ ಗಣಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಅಲ್ಲಿ ಜನ ಓಡಾಡಲ್ಲ. ಮದುವೆಯಾದಾಗಿಂದ ನನ್ನನ್ನ ಎಲ್ಲಿಗೂ ಕರಕೊಂಡು ಹೋದವರಲ್ಲ.

ನನ್ನ ಮಾತು ಅವರು ನಂಬಲ್ಲ. ಡಾಕ್ಟರನ್ನ ಕರಕೊಂಡು, ಇಲ್ಲದಿದ್ದರೆ ನೀವೊಬ್ಬರೇ, ಶನಿವಾರದೊಳಗೆ ಬಂದು, ಆಪರೇಷನ್ ಆದ ಹೊಸದರಲ್ಲಿ ಹಿಂಗೂ ಆಗುತ್ತೆ ಅಂತ ಅವರಿಗೆ ಹೇಳಿ. ನಾನು ಬರೆದದ್ದು ಮಾತ್ರ ಹೇಳಬೇಡಿ.

ಭಾನುವಾರ ದಾರಿಗೆ ಚಿತ್ರಾನ್ನ ಕಟ್ಟಿಕೊಳ್ಳಲಾ ಅಂತ ಕೇಳಿದೆ. ಒಬ್ಬರಿಗಾಗುವಷ್ಟು ಸಾಕು ಅಂದರು.

ನಿಮ್ಮನ್ನೇ ನಂಬಿರೋ
ಸುಮಿತಾ