ಮದುವೆ ಕಾಗದದಷ್ಟು ಸಂದು

ಪಟ್ಟಂ, ತಿರುವನಂತಪುರ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಇವರಿಗೆ, ರಾಜೀವಿಯ ನಮಸ್ಕಾರ.

ಆರೋಗ್ಯ ಹೇಗಿದೆ? ವಿಲ್ಲಿಂಗ್ಡನ್ ಐಲ್ಯಾಂಡಿನ ಉಪ್ಪುಗಾಳಿಗೆ ಮಂಡಿನೋವು ಹೆಚ್ಚಾಗಿಲ್ಲ ತಾನೇ? ಸ್ನಾನಕ್ಕೆ ಬಿಸಿನೀರು ಕೇಳಲು ಸಂಕೋಚ ಬೇಡ, ಅದು ಮಗಳ ಮನೆ, ಛತ್ರವಲ್ಲ. ಅಳಿಯಂದಿರು ಟ್ರೈನಿಂಗ್ ಮುಗಿಸಿ ಬರುವವರೆಗೆ ಇಂಚರಾಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ನಿಮ್ಮದು ಅಂತ ಕೃಪಾ ಹೇಳಿದಳು. ಮೊಮ್ಮಗಳು ಈಗಲಾದರೂ ಕನ್ನಡದಲ್ಲಿ ಉತ್ತರ ಕೊಡುತ್ತಾಳೋ, ಇಲ್ಲ ಕೇಳಿದ್ದಕ್ಕೆಲ್ಲ "ಅರಿಯಿಲ್ಲ ಅಜ್ಜಾ" ಅಂತ ಮಲಯಾಳದಲ್ಲೇ ಹೇಳಿ ಓಡಿಹೋಗುತ್ತಾಳೋ? ನಾನಿಲ್ಲಿ ಗುಂಡುಕಲ್ಲಿನ ಹಾಗೆ ಇದ್ದೇನೆ. ಫೋನು ಇರುವಾಗ ಕಾಗದ ಯಾಕೆ ಅಂತ ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀವು "ಬೇಡ" ಅಂದುಬಿಡುತ್ತೀರಿ. ಕಾಗದಕ್ಕೆ ಎದುರು ಮಾತಾಡಲು ಆಗುವುದಿಲ್ಲ.

ವಿಷಯ ಇಷ್ಟೆ. ನಮ್ಮ ಫಾರ್ಗೋ ಲಾರಿಯನ್ನು ಯಾರಿಗೂ ಕೊಡುವುದಿಲ್ಲ. ಮೂವತ್ತನೇ ತಾರೀಕು ಬಂದು ಒಯ್ಯುತ್ತೇನೆಂದು ನಿಮ್ಮಿಂದ ಮಾತು ತೆಗೆದುಕೊಂಡಿದ್ದರಲ್ಲ, ಆಲಪ್ಪುಳದ ಆ ಹಳೇ ಗಾಡಿ ಸಂಗ್ರಹಿಸುವವರು, ಅವರಿಗೆ ಬರಬೇಡಿ ಅಂತ ಹೇಳಿದ್ದಾಗಿದೆ. ನೀವು ಪೋರ್ಟಿನ ನೌಕರಿಯಲ್ಲಿದ್ದಾಗ ಹರಾಜಿನಲ್ಲಿ ಹಿಡಿದ ಲಾರಿ ಅದು. ಕೃಪಾಳಿಗಿಂತ ಮೊದಲು ಮನೆಗೆ ಬಂದದ್ದು. ನವರಾತ್ರಿಯಿಂದೀಚೆಗೆ ನಿಮ್ಮದು ಒಂದೇ ರಾಗ: "ಪಾಯಿಂಟು ನಿಲ್ಲುವುದಿಲ್ಲ ಮಾರಾಯ್ತಿ, ಈಗ ಬರುವ ಪಾಯಿಂಟೆಲ್ಲ ದಂಡ, ಈ ಗಾಡಿಯ ಸಹವಾಸ ಸಾಕು." ಸರಿ, ತೊಂದರೆ ಇಂಜಿನ್ನಿಗೆ ಕಿಡಿ ಕೊಡಿಸುವ ಆ ಪಾಯಿಂಟಿನದ್ದಾದರೆ ಪಾಯಿಂಟೇ ಬೇಡ ಅಂತ ನಾನು ತೀರ್ಮಾನಿಸಿದೆ. ಅದನ್ನು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೇನೆ. ಒಂದು ಲೋಟ ನೀರು ಕುಡಿದು ಮುಂದೆ ಓದಿ.

ಚಾಲೈ ಪೇಟೆಯ ಹಿಂದೆ ವರ್ಕ್‌ಶಾಪ್ ಇಟ್ಟಿರುವ ಸುಗುಣನ್ ಆಶಾನ್ ನೆನಪಿದ್ದಾರಲ್ಲ, ಫಾರ್ಗೋ ಈರುಳ್ಳಿ ಮಂಡಿಯೆದುರು ನಿಂತುಹೋದಾಗ ತಳ್ಳಲು ಬಂದವರು? ರೇಷ್ಮೆ ಸೀರೆಯುಟ್ಟು ನಾನೂ ಹಿಂದಿನಿಂದ ತಳ್ಳಿದ್ದೆ. ನೀವು ಮರೆತಿರಬಹುದು, ಚಾಲೈ ಮರೆತಿಲ್ಲ. ಅವರೇ ಬಂದು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿದ್ದ ಜಾಗದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ ಕೂರಿಸಿದರು. ಪಾಯಿಂಟಾದರೆ ತಾಗಿ ತಾಗಿ ಸವೆಯುತ್ತದೆ, ಆಗಾಗ ಸಂದು ಸರಿಮಾಡಬೇಕು. ಇದರಲ್ಲಿ ತಾಗುವುದೂ ಇಲ್ಲ, ಸವೆಯುವುದೂ ಇಲ್ಲ, ಸಂದಿನ ಗೊಡವೆಯೂ ಇಲ್ಲ. ಆಯಿತು, ವೈರು ಸೇರಿಸಿ ಕೀಲಿ ತಿರುಗಿಸಿದರೆ, ಅಯ್ಯೋ ದೇವರೇ, ಡಬ್ಬಿಯಿಂದ ಹೊಗೆ! ಒಗ್ಗರಣೆ ಸೀದಂಥ ವಾಸನೆ. ಹೊಸ ಡಬ್ಬಿ ಒಂದೇ ನಿಮಿಷದಲ್ಲಿ ಗೋವಿಂದ.

ತಪ್ಪು ನನ್ನದೇ. ನಿಮ್ಮ ಬ್ಯಾಟರಿಗೆ ಬಂದಿರುವ ಎರಡೂ ವೈರು ಕಪ್ಪು, ಬ್ಯಾಟರಿಯ ಮೇಲಿನ ಗುರುತು ಎಂದೋ ಅಳಿಸಿಹೋಗಿದೆ. ನೀವು ಪ್ರತಿ ಆಯುಧಪೂಜೆಗೆ ಪ್ಲಸ್ ಬದಿಗೆ ಮಾತ್ರ ಸಾಸಿವೆಯಷ್ಟು ಕುಂಕುಮ ಇಡುತ್ತಿದ್ದಿರಿ, ಅದೇ ಗುರುತು. ಕಳೆದ ಸಲ ಬಟ್ಟಲನ್ನು ನನ್ನ ಕೈಗೆ ಕೊಟ್ಟು "ನೀನೇ ಇಡು" ಅಂದು ಆಚೆ ತಿರುಗಿದಿರಿ. ನಾನೋ, ಹಳೆಯದನ್ನೆಲ್ಲ ಶುಚಿಯಾಗಿ ಒರೆಸಿ, ಕಣ್ಣಿಗೆ ಮೊದಲು ಕಂಡ ಮೈನಸ್ಸಿಗೆ ಮುತ್ತೈದೆಯ ಹಣೆಗಿಟ್ಟ ಹಾಗೆ ಧಾರಾಳವಾಗಿ ಇಟ್ಟಿದ್ದೆ. ಆಶಾನ್ ಕೆಂಪು ಕಂಡು ಪ್ಲಸ್ ಅಂದುಕೊಂಡರು. ವಿಷಯ ತಿಳಿದ ಮೇಲೆ "ಚೇಚೀ, ಇದು ಬ್ಯಾಟರಿಯೋ ಅಂಬಲಮೋ?" ಅಂತ ತಲೆ ಚಚ್ಚಿಕೊಂಡರು. ದೇವಸ್ಥಾನವೇ ಅಂದುಕೊಳ್ಳಿ, ಆದರೆ ಇನ್ನೊಂದು ಡಬ್ಬಿ ತರಿಸಿ ಅಂದೆ. ಎರಡನೆಯದನ್ನು ಮೀಟರು ಹಿಡಿದು ನೋಡಿಯೇ ಸೇರಿಸಿದರು. ಒಂದೇ ಕೀಲಿಗೆ ಸ್ಟಾರ್ಟ್! ಕೆಮ್ಮಿಲ್ಲ, ದಮ್ಮಿಲ್ಲ. ಮೂರು ದಿನದಿಂದ ನಾನೇ ಓಡಿಸುತ್ತಿದ್ದೇನೆ. ಬ್ಯಾಂಕಿನಲ್ಲಿದ್ದಾಗ ಇಪ್ಪತ್ತು ವರ್ಷ ಕಾರು ಓಡಿಸಿದವಳನ್ನು ನೀವು ಒಂದು ದಿನವಾದರೂ ಆ ಸೀಟಿನ ಹತ್ತಿರ ಬಿಟ್ಟಿದ್ದೀರಾ? ಕ್ಲಚ್ ಒಂದು ಸ್ವಲ್ಪ ಗಟ್ಟಿ, ನಿಮ್ಮ ಹಟದಷ್ಟೇನೂ ಅಲ್ಲ.

ಟೂಲ್ ಡಬ್ಬಿಯಲ್ಲಿ, ಅಂದು ನೆಂಟರಿಗೆಲ್ಲ ಹಂಚಿದ ನಮ್ಮ ಮದುವೆ ಕಾಗದದ ತುಂಡು ಸಿಕ್ಕಿತು. ಪಾಯಿಂಟಿನ ಸಂದು ಅಳೆಯಲು ಇದಕ್ಕಿಂತ ಸರಿಯಾದ ದಪ್ಪ ಲೋಕದಲ್ಲಿಲ್ಲ ಅನ್ನುತ್ತಿದ್ದಿರಲ್ಲ, ಅದೇ. ಎಣ್ಣೆ ಕುಡಿದು ಕಪ್ಪಾಗಿದೆ, ನನ್ನ ಹೆಸರು ಅರ್ಧ ಉಳಿದಿದೆ. ಮೂವತ್ತೇಳು ವರ್ಷ ನನ್ನನ್ನು ಸ್ಪ್ಯಾನರುಗಳ ಮಧ್ಯೆ ಇಟ್ಟುಕೊಂಡಿದ್ದಿರಲ್ಲ ಅಂತ ನಗು ಬಂತು, ಹಿಂದೆಯೇ ಅಳುವೂ ಬಂತು. ತುಂಡನ್ನು ತೊಳೆಯಲಿಲ್ಲ. ನನ್ನ ಪರ್ಸಿನಲ್ಲಿಟ್ಟುಕೊಂಡಿದ್ದೇನೆ.

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ ಹೊರಟು, ಫಾರ್ಗೋ ಓಡಿಸಿಕೊಂಡೇ ಕೊಚ್ಚಿಗೆ ಬರುತ್ತೇನೆ. ಇನ್ನೂರು ಕಿಲೋಮೀಟರು ಏನು ಮಹಾ. ಅಳಿಯಂದಿರು ಅಷ್ಟು ಹೊತ್ತಿಗೆ ಬಂದಿರುತ್ತಾರೆ, ಚೀಲ ಕಟ್ಟಿಟ್ಟುಕೊಂಡಿರಿ. ಕೃಪಾಳಿಗೂ ಇಂಚರಾಳಿಗೂ ನನ್ನ ಆಶೀರ್ವಾದ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ,
ರಾಜೀವಿ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದೊಂದು ಬರೆಯಲೇಬೇಕು. ತೆಗೆದ ಪಾಯಿಂಟನ್ನು ಆಶಾನ್ ಬೆಳಕಿಗೆ ಹಿಡಿದು "ಇದಕ್ಕೆ ಒಂದು ಕುಳಪ್ಪವೂ ಇಲ್ಲವಲ್ಲ ಚೇಚೀ, ಹೊಸದರ ಹಾಗಿದೆ" ಅಂದರು. ಲಾರಿಯ ಅಡಿ ಗುಡಿಸಿದರೆ, ಪಾಯಿಂಟು ಕೂರಿಸುವಾಗ ನಿಮ್ಮ ಕೈಜಾರಿ ಬಿದ್ದ ಸಣ್ಣ ಸ್ಕ್ರೂಗಳು ಹನ್ನೊಂದು ಸಿಕ್ಕಿದವು. ಕುಂಕುಮದ ಬಟ್ಟಲು ನನ್ನ ಕೈಗೆ ಯಾಕೆ ಬಂತು ಅಂತ ಆಗ ತಿಳಿಯಿತು. ನಿಮ್ಮ ಬಲಗೈ ನಡುಗುತ್ತಿದೆ. ನನ್ನ ಹತ್ತಿರ ಒಂದು ಮಾತು ಹೇಳದೆ ಲಾರಿಯನ್ನೇ ಕೊಟ್ಟುಬಿಡಲು ಹೊರಟಿರಲ್ಲ, ನನಗೆ ಭಾರೀ ಸಿಟ್ಟು ಬಂದಿದೆ, ಹೆದರಿಕೆಯೂ ಆಗಿದೆ. ಫೆಬ್ರವರಿ ಮೂರಕ್ಕೆ ಇಲ್ಲಿ ನರದ ಡಾಕ್ಟರರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಫಾರ್ಗೋದಲ್ಲೇ ಹೋಗೋಣ. ಓಡಿಸುವುದು ನಾನು, ಆದರೆ ಕೀಲಿ ತಿರುಗಿಸುವುದು ನೀವೇ. ಕೈ ನಡುಗಿದರೂ ಪರವಾಗಿಲ್ಲ, ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.