ಅತ್ತೆ ಕಟ್ಟಿಕೊಡುವ ನೂಡಲ್ಸ್

ಮನೆಯಿಂದ,
ತಾರೀಖು ಹದಿನಾಲ್ಕು, ಶುಕ್ರವಾರ ಸಂಜೆ

ರೀ,

'ಪ್ರೀತಿಯ' ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಆದ್ದರಿಂದ ಬರೀ 'ರೀ'. ಆರೋಗ್ಯವಾಗಿದ್ದೀರಿ ತಾನೇ? ಮಂಡಿ ನೋವು ಹೇಗಿದೆ? ಅಲ್ಲಿ ಎಣ್ಣೆ ತಿಕ್ಕುವವಳು ಇದ್ದಾಳೆಂದು ನಮ್ಮ ಗೋದಾಮಿನ ಲಾರಿ ಡ್ರೈವರ್ ಹೇಳಿದ. ನೀವು ಆ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿರುವುದು ನನಗೂ ಗೊತ್ತು, ಅತ್ತೆಗೂ ಗೊತ್ತು. ನಮಗೆ ಗೊತ್ತಿಲ್ಲ ಅಂದುಕೊಂಡಿರುವವರು ನೀವೊಬ್ಬರೇ. ಅತ್ತೆಯ ಬಿ.ಪಿ. ಹತೋಟಿಯಲ್ಲಿದೆ. ನನ್ನ ಆರೋಗ್ಯವನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಗುಂಡುಕಲ್ಲಿನ ಹಾಗಿದ್ದೇನೆ.

ಮೊನ್ನೆ ಫೋನಿನಲ್ಲಿ ಏನೆಂದಿರಿ? "ನನ್ನಮ್ಮಂಗೆ ಪ್ಯಾಕೆಟ್ ನೂಡಲ್ಸ್ ತಿನ್ನಿಸ್ತಿದ್ದೀಯಂತೆ, ನಾಚ್ಕೆ ಆಗಲ್ವಾ? ಭಾನುವಾರ ಅಕ್ಕ ಬಂದು ಅಮ್ಮನ್ನ ಕರ್ಕೊಂಡು ಹೋಗ್ತಾಳೆ. ಮನೆ ಖಾಲಿ ಮಾಡ್ತೀವಿ ಅಂತ ಓನರ್‌ಗೆ ಹೇಳಾಯ್ತು. ನೀನು ತವರಿಗೆ ಹೋಗು." ನಾನು ಬಾಯಿ ತೆಗೆಯುವಷ್ಟರಲ್ಲಿ ಫೋನಿಟ್ಟಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಹರಿದುಹಾಕಬಹುದು, ಆದರೆ ನನ್ನ ಮಾತಿಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಎರಡು ವರ್ಷದಿಂದ ಅಮ್ಮ ಏನು ತಿಂದಳು, ಏನು ಬಿಟ್ಟಳು ಎಂದು ಕೇಳದ ಮಗನಿಗೆ ಈಗ ದಿಢೀರನೆ ಕರುಳು ಚುರುಕ್ಕೆಂದಿದೆ. ನಿಮ್ಮಕ್ಕ ಬಂದು ಅಡುಗೆಮನೆಯಲ್ಲಿ ಎರಡು ಡಬ್ಬಿ, ಒಂದು ಕಂತೆ ನೂಡಲ್ಸ್ ಪ್ಯಾಕೆಟ್ ನೋಡಿ ಹೋದದ್ದೇ ತಡ, ನಿಮಗೊಂದು ನೆಪ ಸಿಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆ ನೂಡಲ್ಸಿನ ಕತೆ ಕೇಳಿ. ನೀವು ದುಡ್ಡು ಕಳಿಸುವುದನ್ನು ನಿಲ್ಲಿಸಿದ ಮೇಲೆ ನಾನು ಔಷಧಿ ಗೋದಾಮಿಗೆ ಸೇರಿದೆನಲ್ಲ, ಅಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೊರಡಬೇಕು. ಅಷ್ಟು ಹೊತ್ತಿಗೆದ್ದು ಅಡುಗೆ ಮಾಡಲು ನನ್ನಿಂದಾಗುತ್ತಿರಲಿಲ್ಲ. ಅಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಕಲಿತೆ. ಸ್ಟೀಲ್ ಡಬ್ಬಿಯ ತಳದಲ್ಲಿ ಮಸಾಲೆ ಪುಡಿ, ಒಂದು ಚಮಚ ಕಡಲೆಬೀಜದ ಪುಡಿ, ಅದರ ಮೇಲೆ ಸಣ್ಣಗೆ ಹೆಚ್ಚಿದ ಕ್ಯಾರೆಟ್ಟು, ಈರುಳ್ಳಿ ಸೊಪ್ಪು, ಬೇಯಿಸಿದ ಮೊಟ್ಟೆ, ಎಲ್ಲಕ್ಕಿಂತ ಮೇಲೆ ಮುರಿದ ನೂಡಲ್ಸು. ಮಧ್ಯಾಹ್ನ ಊಟದ ಕೋಣೆಯ ಕೆಟಲ್ಲಿನಿಂದ ಕುದಿಯುವ ನೀರು ಹುಯ್ದು ಮುಚ್ಚಳ ಹಾಕಿದರೆ, ಕೈ ತೊಳೆದು ಬರುವಷ್ಟರಲ್ಲಿ ಊಟ ತಯಾರು. ಅಗ್ಗ, ಸುಲಭ, ಹೊಟ್ಟೆಯೂ ತುಂಬುತ್ತದೆ. ಅತ್ತೆ ಮಾತ್ರ ಮೊದಮೊದಲು ಮೂಗು ಮುರಿದರು. "ಇದೇನೇ, ದಾರದುಂಡೆ ತಿಂತೀಯಾ?" ಎನ್ನುತ್ತಿದ್ದರು. ಆಮೇಲೊಂದು ದಿನ, ನಿದ್ದೆಗಣ್ಣಿನಲ್ಲಿ ನಾನು ತಡಕಾಡುವುದು ನೋಡಲಾರದೆ, "ಸರಿ ಆಚೆ, ನಾಳೆಯಿಂದ ಡಬ್ಬಿ ನಂದು" ಎಂದರು.

ಮಾರನೆಯ ದಿನ ಮುಚ್ಚಳ ತೆಗೆದರೆ, ಅಯ್ಯೋ, ಒಳಗೆ ಬೆಳ್ಳಗೆ ಊದಿಕೊಂಡ ಒಂದು ಮುದ್ದೆ! ಬೆಳಗ್ಗೆಯೇ ಬಿಸಿನೀರು ಹುಯ್ದು ಮುಚ್ಚಳ ಬಿಗಿದು ಕಳಿಸಿದ್ದರು. ಪಕ್ಕದಲ್ಲಿ ಕೂತು ಲೇಬಲ್ ಅಂಟಿಸುವವಳು, "ಏನೇ ಇದು, ಗೋಡೆಗೆ ಪೋಸ್ಟರ್ ಅಂಟಿಸೋಕೆ ತಂದ್ಯಾ?" ಎಂದಳು. ಕೋಣೆಯೆಲ್ಲ ನಕ್ಕಿತು. ನಾನು ಚಮಚದಲ್ಲಿ ಕೆತ್ತಿ ಕೆತ್ತಿ ಪೂರ್ತಿ ತಿಂದೆ. ಮನೆಗೆ ಬಂದಾಗ ಅತ್ತೆ ಮೊದಲು ಖಾಲಿ ಡಬ್ಬಿ ಬಗ್ಗಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಬಿಸಿಯಾಗಿತ್ತಾ?" ಎಂದರು. ಆ ಮುಖ ನೋಡಿ 'ಹೂಂ' ಎಂದುಬಿಟ್ಟೆ. ತಗೊಳ್ಳಿ, ಮುಂದಿನ ವಾರವೆಲ್ಲ ಮುದ್ದೆಯೇ.

ಕೊನೆಗೊಂದು ದಿನ ನಾನು ಡಬ್ಬಿ ಮರೆತು ಹೋದೆ. ಅತ್ತೆ ಬಸ್ಸು ಹತ್ತಿ ಅದನ್ನು ಗೋದಾಮಿಗೇ ತಂದರು. ವಾಚ್‌ಮನ್ ಅವರನ್ನು ಊಟದ ಕೋಣೆಗೆ ಕರೆತಂದು ಕೂರಿಸಿದ. ಎಲ್ಲರೂ ಒಣ ನೂಡಲ್ಸಿಗೆ ಆಗಷ್ಟೇ ನೀರು ಹುಯ್ಯುತ್ತಿದ್ದರು. ಅತ್ತೆ ನಮ್ಮ ಡಬ್ಬಿ ತೆರೆದು ಮುಚ್ಚಳಕ್ಕೆ ಬಗ್ಗಿಸಿದರು; ಎಲ್ಲವೂ ಒಂದೇ ಗಡ್ಡೆಯಾಗಿ ಬಿತ್ತು. ಅವರು ಅದನ್ನು ನೋಡಿದರು, ಪಕ್ಕದವಳ ಡಬ್ಬಿ ನೋಡಿದರು. "ಇಷ್ಟು ದಿನ ಇದನ್ನೇ ತಿಂದ್ಯಾ? ಬಾಯಿ ಇರ್ಲಿಲ್ವಾ ನಿಂಗೆ?" ಎಂದು ಎಲ್ಲರೆದುರು ಬೈದರು. ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ನು ಯಾವಾಗ್ಲೂ ತಣ್ಣಗಿದೆ, ತಣ್ಣಗಿದೆ ಅಂತ ಡಬ್ಬಿ ಹಾಗೇ ವಾಪಸ್ ತರ್ತಿದ್ದ ಕಣೇ. ನಿಂಗೂ ತಣ್ಣಗಾಗ್ಬಾರ್ದು ಅಂತ..." ಎಂದರು.

ನೆನಪಿದೆಯೇ ನಿಮಗೆ? ನಿಮಗಾಗಿ ಅವರು ಕತ್ತಲಲ್ಲೆದ್ದು ಅಡುಗೆ ಮಾಡುತ್ತಿದ್ದರು. ನೀವು ಸಂಜೆ ತುಂಬಿದ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, ಹೊರಗೆ ತಿಂದು ಬಂದ ಬಾಯಿ ಒರೆಸಿಕೊಳ್ಳುತ್ತಿದ್ದಿರಿ. ಅದನ್ನು ಅವರು ಬಿಸಿ ಮಾಡಿ ರಾತ್ರಿ ತಾವೇ ತಿನ್ನುತ್ತಿದ್ದರು. ಆಗ ಅಮ್ಮ ಏನು ತಿನ್ನುತ್ತಾಳೆಂಬ ಚಿಂತೆ ನಿಮಗಿರಲಿಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ, ಬರೆಯುತ್ತಾ ಬರೆಯುತ್ತಾ ಕಾಗದ ತೂತಾಗಿದೆ, ನೋಡಿ.

ಅಂದಿನಿಂದ ಅತ್ತೆ ಒಣದನ್ನೇ ಕಟ್ಟುತ್ತಾರೆ. ನಿಮ್ಮಕ್ಕ ನೋಡಿದ ಎರಡನೆಯ ಡಬ್ಬಿ ಅತ್ತೆಯದೇ. ಕುಕ್ಕರಿನಲ್ಲಿ ಅನ್ನ ಇರುತ್ತದೆ, ಬೇಡವೆನ್ನುತ್ತಾರೆ. "ನೀನು ಅಲ್ಲಿ ಮುಚ್ಚಳ ತೆಗೆಯೋ ಹೊತ್ತಿಗೆ ನಾನೂ ಇಲ್ಲಿ ತೆಗೀತೀನಿ, ಒಬ್ಬಳೇ ತಿಂದಂಗಾಗಲ್ಲ" ಎನ್ನುತ್ತಾರೆ. ಇದನ್ನು ನಿಮ್ಮಕ್ಕನಿಗೂ ಹೇಳಿದರಂತೆ. ಅದನ್ನವಳು ನಿಮಗೆ ದಾಟಿಸಲಿಲ್ಲ, ಅಲ್ಲವೇ? ಹೋದ ಸಲ ಅವಳ ಮನೆಯಲ್ಲಿ ಅತ್ತೆ ಮೂರು ತಿಂಗಳಿದ್ದರು. ಮಕ್ಕಳನ್ನು ನೋಡಿಕೊಂಡು, ಎಲ್ಲರದೂ ಆದ ಮೇಲೆ ಉಳಿದದ್ದು ತಿಂದು, ಟಿ.ವಿ. ಆರಿಸಿದ ಮೇಲೆ ಅದೇ ಕೋಣೆಯಲ್ಲಿ ಮಲಗಿ ಬಂದರು. ಅಕ್ಕನಿಗೆ ಬೇಕಿರುವುದು ಆಳು, ಅಮ್ಮ ಅಲ್ಲ.

ನಾನು ತವರಿಗೆ ಹೋಗುವುದಿಲ್ಲ. ಗೋದಾಮಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ನೋಡಿದ್ದೇನೆ. ಒಬ್ಬಳಿಗೆ ಸಾಕು, ಇಬ್ಬರಿಗೆ ಇಕ್ಕಟ್ಟು. ಭಾನುವಾರದ ವಿಷಯ ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಲು ನನಗೆ ಭಯ. ಎಷ್ಟೆಂದರೂ ನಿಮ್ಮನ್ನು ಹೆತ್ತವರು. ಮಗ ಹೇಳಿದ ಎಂದರೆ ಹೊರಟುಬಿಟ್ಟಾರು. ನಾನು ಯಾವ ಬಾಯಲ್ಲಿ ಇರಿ ಎನ್ನಲಿ? ಗಂಡ ಬಿಟ್ಟು ಹೋದಾಗ ನಾನು ಇಷ್ಟು ಹೆದರಿರಲಿಲ್ಲ, ಇದು ನಿಮಗೆ ತಿಳಿದಿರಲಿ ಎಂದೇ ಬರೆದೆ.

ಅಲ್ಲಿರುವವರಿಗೆ ನನ್ನ ನಮಸ್ಕಾರ ತಿಳಿಸಿ, ಪಾಪ, ಅವರ ಡಬ್ಬಿಯೂ ನಿಮಗೆ ರುಚಿಸುವುದು ಎಷ್ಟು ದಿನವೋ. ನೀವು ಚೆನ್ನಾಗಿರಿ, ದೂರದಲ್ಲೇ ಚೆನ್ನಾಗಿರಿ.

ಇಂತಿ,
ನಿಮ್ಮಮ್ಮನ ಸೊಸೆ

ವಿ.ಸೂ.: ಕಾಗದ ಮಡಿಸುವಾಗ ಅತ್ತೆ ಬಂದು ಏನದು ಎಂದು ಕೇಳಿದರು, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕೋಣೆ ಇಕ್ಕಟ್ಟು ಎಂದೂ ಹೇಳಿದೆ. "ಒಳ್ಳೇದೇ ಆಯ್ತು, ಮೂರನೆಯವ್ರು ಬಂದು ಪಂಚಾಯ್ತಿ ಮಾಡೋಕೆ ಜಾಗ ಇರಲ್ಲ" ಎಂದು ಆಗಲೇ ಹಾಸಿಗೆ ಸುತ್ತುತ್ತಿದ್ದಾರೆ. ನಾಳೆ ಬೆಳಗ್ಗೆ ಹೊರಡುತ್ತೇವೆ; ಈ ಕಾಗದವನ್ನು ಲಾರಿ ಡ್ರೈವರ್ ನಾಳೆಯೇ ನಿಮಗೆ ತಲುಪಿಸುತ್ತಾನೆ, ಅಕ್ಕನಿಗೆ ಬರಬೇಡವೆನ್ನಿ. ಮಗನಿಗೆ ಏನಾದರೂ ಬರೆಯಲೇ ಎಂದು ಕೇಳಿದೆ. ಸುತ್ತಿದ ಹಾಸಿಗೆಗೆ ಹಗ್ಗ ಬಿಗಿದು ಗಂಟು ಹಾಕಿದರು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಹಸಿದು ಬಂದ್ರೆ ಒಂದು ಡಬ್ಬಿ ಇಟ್ಟಿರ್ತೀನಿ ಅನ್ನು. ಬಿಸಿನೀರು ಅವನೇ ತರ್ಲಿ."